ಉಗ್ರಾಣದ ಕೀಲಿಕೈ

ಆಂಡ್ರಾಯ್ಡ್ ಫೋನಿನ ತಳದಲ್ಲಿ ಲಿನಕ್ಸ್ ಎಂಬ ತಂತ್ರಾಂಶವಿದೆ. ಅದೇ ಫೋನಿನ ಪರದೆಯ ಮೇಲೆ ‘ಸ್ತ್ರೀ’ ಎಂಬ ಅಕ್ಷರ ಮೂಡಬೇಕಾದರೆ ಸಕಾರಕ್ಕೆ ತಕಾರದ ಒತ್ತು, ರಕಾರದ ಒತ್ತು, ಗುಡಿಸು, ದೀರ್ಘ ಎಲ್ಲವೂ ತಂತಮ್ಮ ಜಾಗ ಹಿಡಿದು ಕೂರಬೇಕು. ಆ ಜೋಡಣೆಯ ಕೆಲಸ ಹಾರ್ಫ್‌ಬಝ್ ಎಂಬ ಇನ್ನೊಂದು ತಂತ್ರಾಂಶದ್ದು. ಎರಡೂ ಮುಕ್ತ ತಂತ್ರಾಂಶಗಳು. ಅವುಗಳ ಒಳಗಿನ ಬರಹವನ್ನು, ಅಂದರೆ ಸೋರ್ಸ್ ಕೋಡನ್ನು, ಯಾರು ಬೇಕಾದರೂ ಓದಬಹುದು, ತಿದ್ದಬಹುದು, ತಿದ್ದಿದ್ದನ್ನು ಇತರರಿಗೆ ಹಂಚಬಹುದು. ಯಾರ ಅಪ್ಪಣೆಯೂ ಬೇಕಿಲ್ಲ.

ಇಷ್ಟು ಕೇಳಿದ ಯಾರಿಗಾದರೂ ಒಂದು ಅನುಮಾನ ಬಂದೇ ಬರುತ್ತದೆ. ಊರಿಗೆಲ್ಲ ಸೇರಿದ ಕೆರೆಯ ಹೂಳೆತ್ತಲು ಸಾಮಾನ್ಯವಾಗಿ ಯಾರೂ ಮುಂದೆ ಬರುವುದಿಲ್ಲ. ಬಂದರೂ ತೂಬು ಎಲ್ಲಿರಬೇಕೆಂಬ ಜಗಳವೇ ಬಗೆಹರಿಯುವುದಿಲ್ಲ. ಹಾಗಿರುವಾಗ ಒಬ್ಬರ ಮುಖ ಇನ್ನೊಬ್ಬರು ಕಾಣದ, ಬೇರೆ ಬೇರೆ ದೇಶಗಳ, ಎಷ್ಟೋ ಸಲ ಪರಸ್ಪರ ಪೈಪೋಟಿಯ ಕಂಪನಿಗಳ ಸಾವಿರಾರು ಜನ ಸೇರಿ ಬರೆದ ತಂತ್ರಾಂಶ ಕೋಟ್ಯಂತರ ಫೋನುಗಳಲ್ಲಿ ದಿನವಿಡೀ ಸರಿಯಾಗಿ ಓಡುವುದು ಹೇಗೆ? ಯಾರು ಬೇಕಾದರೂ ತಿದ್ದಬಹುದಾದರೆ, ತಪ್ಪಾಗಿ ತಿದ್ದಿದವರನ್ನು ತಡೆಯುವವರು ಯಾರು?

ಊಟ ಎಲ್ಲರಿಗೆ, ಕೀಲಿಕೈ ಕೆಲವರಿಗೆ

ಎರಡು ಬೇರೆ ಬೇರೆ ಹಕ್ಕುಗಳನ್ನು ಒಂದೇ ಎಂದುಕೊಳ್ಳುವುದರಿಂದ ಈ ಗೊಂದಲ. ಮದುವೆ ಮನೆಯ ಊಟಕ್ಕೆ ಊರಿಗೆಲ್ಲ ಕರೆಯಿರುತ್ತದೆ. ಉಗ್ರಾಣದ ಕೀಲಿಕೈ ಮಾತ್ರ ಒಬ್ಬ ಹಿರಿಯರ ಸೊಂಟದಲ್ಲಿರುತ್ತದೆ. ಅಕ್ಕಿ ಎಷ್ಟು ಹೊರಗೆ ಹೋಗಬೇಕು, ಹೊಸದಾಗಿ ಬಂದ ಬೆಲ್ಲದ ಪೆಂಟೆ ಒಳಗೆ ಬರಲು ಯೋಗ್ಯವೇ ಎಂದು ನೋಡುವವರು ಅವರು.

ಮುಕ್ತ ತಂತ್ರಾಂಶದಲ್ಲೂ ಹೀಗೆಯೇ. ಪರವಾನಗಿ ಎಲ್ಲರಿಗೂ ಕೊಡುವುದು ಒಂದು ಪ್ರತಿಯ ಮೇಲಿನ ಹಕ್ಕನ್ನು. ತನ್ನ ಪ್ರತಿಯಲ್ಲಿ ಯಾರು ಏನು ಮಾಡಿಕೊಂಡರೂ ಕೇಳುವವರಿಲ್ಲ. ಆದರೆ ಎಲ್ಲರೂ ತೆಗೆದುಕೊಳ್ಳುವ ಮೂಲ ಪ್ರತಿ, ಅಂದರೆ ಉಗ್ರಾಣ, ಕೆಲವರ ಕೈಯಲ್ಲಿರುತ್ತದೆ. ಹೊರಗಿನವರು ಒಂದು ದೋಷ ಕಂಡು ಸರಿಪಡಿಸಿದರೆ ಅದನ್ನು ಪ್ಯಾಚ್ ರೂಪದಲ್ಲಿ ಕಳಿಸುತ್ತಾರೆ. ಇದಕ್ಕೆ ಕನ್ನಡದಲ್ಲಿ ತೇಪೆ ಎಂಬ ಪದ ಸಿದ್ಧವಾಗಿಯೇ ಇದೆ: ಹರಿದ ಬಟ್ಟೆಗೆ ಹಾಕುವ ತುಂಡು. ತೇಪೆಯನ್ನು ಪರೀಕ್ಷಿಸಿ ಉಗ್ರಾಣದೊಳಕ್ಕೆ ಬಿಡುವ ಅಥವಾ ಹಿಂದಕ್ಕೆ ಕಳಿಸುವವರನ್ನು ಉಸ್ತುವಾರಿಗಳು ಎನ್ನಬಹುದು.

ಹಾಗಾಗಿ ಒಂದು ಯೋಜನೆಯ ಆಡಳಿತ ಎಂದರೆ, ಅದರ ಎಲ್ಲ ಅಲಂಕಾರಗಳನ್ನು ಕಳಚಿ ನೋಡಿದರೆ, ಎರಡೇ ಪ್ರಶ್ನೆ. ಕೀಲಿಕೈ ಯಾರ ಬಳಿ? ಅವರ ತೀರ್ಮಾನ ಒಪ್ಪಿಗೆಯಾಗದವರು ಏನು ಮಾಡಬಹುದು?

ಲಿನಕ್ಸಿನ ಯಜಮಾನ

1991ರ ಆಗಸ್ಟ್ 25ರಂದು ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್, ತಾವು ಹವ್ಯಾಸಕ್ಕಾಗಿ ಒಂದು ಆಪರೇಟಿಂಗ್ ಸಿಸ್ಟಂ ಬರೆಯುತ್ತಿರುವುದಾಗಿ ತಿಳಿಸಿದರು. ಅದೇ ಲಿನಕ್ಸ್. ಮೂರು ದಶಕ ದಾಟಿದ ಮೇಲೂ ಲಿನಕ್ಸಿನ ಮುಖ್ಯ ಉಗ್ರಾಣದ ಕೀಲಿಕೈ ಅವರ ಬಳಿಯೇ ಇದೆ. ಇಂಥವರನ್ನು ಇಂಗ್ಲಿಷಿನಲ್ಲಿ ಅರ್ಧ ತಮಾಷೆಗೆ ‘ಜೀವನಪರ್ಯಂತದ ದಯಾಳು ಸರ್ವಾಧಿಕಾರಿ’ ಎಂದು ಕರೆಯುತ್ತಾರೆ. ಕನ್ನಡಕ್ಕೆ ಇಷ್ಟುದ್ದದ ಬಿರುದು ಬೇಕಿಲ್ಲ. ‘ಯಜಮಾನ’ ಎಂದರೆ ಸಾಕು. ಹೊಣೆ, ಅಕ್ಕರೆ, ಗದರಿಕೆ ಮೂರೂ ಅದರಲ್ಲಿ ಅಡಕವಾಗಿವೆ.

ಆದರೆ ಒಬ್ಬ ಯಜಮಾನ ಎಲ್ಲವನ್ನೂ ನೋಡಲಾರ. ಲಿನಕ್ಸಿನ ಹೊಸ ಆವೃತ್ತಿ ಒಂಬತ್ತು ಹತ್ತು ವಾರಗಳಿಗೊಮ್ಮೆ ಹೊರಬರುತ್ತದೆ. ಈಚಿನ ಒಂದೊಂದು ಆವೃತ್ತಿಯಲ್ಲೂ ಹತ್ತು ಸಾವಿರಕ್ಕೂ ಹೆಚ್ಚು ತೇಪೆಗಳಿರುತ್ತವೆ, ಅವನ್ನು ಬರೆದವರು ಒಂದೂವರೆ ಸಾವಿರಕ್ಕೂ ಹೆಚ್ಚು ಮಂದಿ. ಇವನ್ನೆಲ್ಲ ಒಬ್ಬರೇ ಓದಲು ಕೂತರೆ ಊಟ ನಿದ್ದೆ ಬಿಟ್ಟರೂ ಮುಗಿಯದು. ಅದಕ್ಕೆಂದೇ ದೊಡ್ಡ ಜಮೀನಿನ ಮನೆಯಲ್ಲಿ ತೋಟಕ್ಕೊಬ್ಬರು, ಗದ್ದೆಗೊಬ್ಬರು, ಕೊಟ್ಟಿಗೆಗೊಬ್ಬರು ಇರುವಂತೆ ಇಲ್ಲೂ ನೆಟ್‌ವರ್ಕಿಗೆ, ಕಡತ ವ್ಯವಸ್ಥೆಗೆ, ಒಂದೊಂದು ಬಗೆಯ ಚಿಪ್ಪಿಗೆ ಬೇರೆ ಬೇರೆ ಉಸ್ತುವಾರಿಗಳಿದ್ದಾರೆ. ಯಾವುದಕ್ಕೆ ಯಾರು ಎಂಬ ಪಟ್ಟಿ ಲಿನಕ್ಸಿನ ಕೋಡಿನೊಳಗೇ ಒಂದು ಕಡತವಾಗಿ ಕೂತಿದೆ. ತೇಪೆ ಮೊದಲು ಆಯಾ ವಿಭಾಗದ ಉಸ್ತುವಾರಿಗೆ ಹೋಗುತ್ತದೆ, ಅಲ್ಲಿಂದ ಮೇಲಿನವರಿಗೆ, ಕೊನೆಗೆ ಟೊರ್ವಾಲ್ಡ್ಸ್ ಅವರಿಗೆ. ಆ ಹೊತ್ತಿಗೆ ಅವರು ತೂಗುವುದು ಪ್ರತಿ ಸಾಲಿನ ಕೋಡನ್ನಲ್ಲ, ಅದನ್ನು ತಂದವರ ಮೇಲಿನ ನಂಬಿಕೆಯನ್ನು. 2004ರಿಂದ ಪ್ರತಿ ತೇಪೆಯ ಕೊನೆಗೆ ಬರೆದವರು ಮತ್ತು ಅದನ್ನು ಮೇಲಕ್ಕೆ ದಾಟಿಸಿದ ಪ್ರತಿಯೊಬ್ಬ ಉಸ್ತುವಾರಿ ಮಹಜರಿಗೆ ಸಹಿ ಹಾಕಿದ ಹಾಗೆ ತಮ್ಮ ಹೆಸರು ನಮೂದಿಸುತ್ತಾರೆ. ನಾಳೆ ತಪ್ಪು ಬಯಲಾದರೆ ಅದು ಯಾರ ಕೈಯಿಂದ ಯಾರ ಕೈಗೆ ಬಂತು ಎಂಬುದು ಬರಹದಲ್ಲಿಯೇ ಇರುತ್ತದೆ.

ಈ ಪದ್ಧತಿಯ ಗುಣ ವೇಗ. ತಿಂಗಳುಗಟ್ಟಲೆ ಎಳೆಯಬಹುದಾದ ವಾದವನ್ನು ಯಜಮಾನರ ಒಂದು ಮಾತು ಮುಗಿಸುತ್ತದೆ. ದೋಷವೂ ಅಲ್ಲಿಯೇ ಇದೆ: ಯಜಮಾನರ ಸಿಟ್ಟು ಮನೆಯ ಸಿಟ್ಟಾಗುತ್ತದೆ. ಟೊರ್ವಾಲ್ಡ್ಸ್ ಅವರ ಬಿರುನುಡಿಯ ಪತ್ರಗಳು ಹೆಸರುವಾಸಿಯಾಗಿದ್ದವು. 2018ರ ಸೆಪ್ಟೆಂಬರಿನಲ್ಲಿ ಅವರು ತಮ್ಮ ವರ್ತನೆಗೆ ಬಹಿರಂಗವಾಗಿ ಕ್ಷಮೆ ಕೇಳಿ ಕೆಲ ವಾರ ದೂರ ಉಳಿದರು. 4.19ನೇ ಆವೃತ್ತಿಯನ್ನು ಹೊರತಂದವರು ಗ್ರೆಗ್ ಕ್ರೋವಾ-ಹಾರ್ಟ್‌ಮನ್. ಯಜಮಾನರಿಲ್ಲದೆಯೂ ಮನೆ ನಡೆಯಿತು. ಕೆಳಗಿನ ಉಸ್ತುವಾರಿಗಳ ಸಾಲು ಎಷ್ಟು ಗಟ್ಟಿ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇರಲಾರದು.

ಪೈಥಾನ್: ಯಜಮಾನರೇ ಕೀಲಿಕೈ ಕೆಳಗಿಟ್ಟಾಗ

ಇಂದು ಶಾಲಾ ಮಕ್ಕಳೂ ಕಲಿಯುವ ಪೈಥಾನ್ ಭಾಷೆಯನ್ನು ಗೈಡೊ ವಾನ್ ರಾಸಮ್ 1989ರ ಕ್ರಿಸ್‌ಮಸ್ ರಜೆಯಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಬರೆಯತೊಡಗಿದರು. ‘ದಯಾಳು ಸರ್ವಾಧಿಕಾರಿ’ ಎಂಬ ಬಿರುದು ಮೊದಲು ಅಂಟಿಕೊಂಡದ್ದು ಅವರಿಗೇ. 2018ರಲ್ಲಿ ಭಾಷೆಗೆ ಒಂದು ಹೊಸ ಚಿಹ್ನೆ ಸೇರಿಸಬೇಕೆ ಎಂಬ ಚರ್ಚೆ ಎದ್ದಿತು: ಎರಡು ಚುಕ್ಕೆ, ಪಕ್ಕದಲ್ಲಿ ಸಮಚಿಹ್ನೆ. ನೋಡಲು ಸಾಸಿವೆಯಷ್ಟು ವಿಷಯ. ವಾದ ಮಾತ್ರ ಮುಗಿಯಲೇ ಇಲ್ಲ, ಕಹಿಯೂ ಆಯಿತು. ವಾನ್ ರಾಸಮ್ ಚಿಹ್ನೆಗೆ ಒಪ್ಪಿಗೆ ಕೊಟ್ಟರು. ಜುಲೈ 12ರಂದು ಯಜಮಾನಿಕೆಯಿಂದ ಕೆಳಗಿಳಿದರು. ಉತ್ತರಾಧಿಕಾರಿಯನ್ನು ಹೆಸರಿಸಲಿಲ್ಲ. ಪ್ರಜಾಪ್ರಭುತ್ವವೋ ಅರಾಜಕತೆಯೋ, ಮುಂದಿನ ದಾರಿ ನೀವೇ ನೋಡಿಕೊಳ್ಳಿ ಎಂಬರ್ಥದ ಪತ್ರ ಬರೆದು ಸುಮ್ಮನಾದರು.

ಆಮೇಲೆ ನಡೆದದ್ದು ತಂತ್ರಾಂಶದ ಇತಿಹಾಸದಲ್ಲಿ ಅಪರೂಪದ ಸಂಗತಿ. ಹೇಗೆ ಆಳಿಕೊಳ್ಳಬೇಕು ಎಂಬುದರ ಮೇಲೆಯೇ ಚುನಾವಣೆ. ಇನ್ನೊಬ್ಬ ಯಜಮಾನರನ್ನು ಹುಡುಕುವುದು, ಮೂವರ ಕೈಗೆ ಕೊಡುವುದು, ನಾಯಕರೇ ಇಲ್ಲದಿರುವುದು, ಹೊರಗಿನವರ ಮಂಡಳಿ ಹೀಗೆ ಏಳು ಯೋಜನೆಗಳು ಮುಂದೆ ಬಂದವು. 2018ರ ಡಿಸೆಂಬರಿನ ಮತದಾನದಲ್ಲಿ ಗೆದ್ದದ್ದು ಐವರ ಚುನಾಯಿತ ಮಂಡಳಿ. ಒಂದೇ ಕಂಪನಿಯ ನೌಕರರು ಅದರಲ್ಲಿ ಇಬ್ಬರಿಗಿಂತ ಹೆಚ್ಚಿರುವಂತಿಲ್ಲ. ಮೂರನೆಯ ಎರಡರಷ್ಟು ಮತದಿಂದ ಮಂಡಳಿಯನ್ನು ಇಳಿಸಬಹುದು. ಅಧಿಕಾರ ಎಷ್ಟೇ ದೊಡ್ಡದಿದ್ದರೂ ಆದಷ್ಟು ಕಡಿಮೆ ಬಳಸಬೇಕು, ಮೊದಲು ಒಮ್ಮತಕ್ಕೆ ಯತ್ನಿಸಬೇಕು ಎಂದು ನಿಯಮವೇ ಹೇಳುತ್ತದೆ. 2019ರಲ್ಲಿ ಮೊದಲ ಮಂಡಳಿಗೆ ಆಯ್ಕೆಯಾದ ಐವರಲ್ಲಿ ವಾನ್ ರಾಸಮ್ ಕೂಡ ಒಬ್ಬರು, ಒಂದೇ ಮತದ ಸದಸ್ಯರಾಗಿ. ಜಗಳಕ್ಕೆ ಕಾರಣವಾದ ಚಿಹ್ನೆ ಅದೇ ವರ್ಷದ ಅಕ್ಟೋಬರಿನಲ್ಲಿ ಪೈಥಾನ್ 3.8ರ ಜತೆ ಬಂತು. ಈಗ ಅದರ ಬಗ್ಗೆ ಯಾರೂ ಅಷ್ಟಾಗಿ ತಲೆ ಕೆಡಿಸಿಕೊಳ್ಳುವುದಿಲ್ಲ.

ಡೆಬಿಯನ್: ಸಂವಿಧಾನವಿರುವ ಊರು

ಇನ್ನೊಂದು ತುದಿಯಲ್ಲಿ ಡೆಬಿಯನ್ ಇದೆ. 1993ರ ಆಗಸ್ಟಿನಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಈ ಯೋಜನೆ ಲಿನಕ್ಸಿನ ಜತೆ ಸಾವಿರಾರು ತಂತ್ರಾಂಶಗಳನ್ನು ಒಟ್ಟುಗೂಡಿಸಿ ಕೊಡುತ್ತದೆ. ಗುಬ್ಬಿ, ನವಿಲು ಎಂಬ ಕನ್ನಡ ಫಾಂಟುಗಳೂ ಅದರ ಉಗ್ರಾಣದಲ್ಲಿವೆ. 1998ರ ಡಿಸೆಂಬರಿನಲ್ಲಿ ಡೆಬಿಯನ್ ತನಗೊಂದು ಸಂವಿಧಾನ ಬರೆದುಕೊಂಡಿತು. ಸುಮಾರು ಸಾವಿರ ಸದಸ್ಯರು ಪ್ರತಿ ವರ್ಷ ಒಬ್ಬ ನಾಯಕರನ್ನು ಆರಿಸುತ್ತಾರೆ. ನಾಯಕರ ತೀರ್ಮಾನ ಸರಿ ಕಾಣದಿದ್ದರೆ ಸದಸ್ಯರೇ ಠರಾವು ಮಂಡಿಸಿ ಅದನ್ನು ಬದಲಿಸಬಹುದು. ಸಂವಿಧಾನದ ಒಂದು ಸಾಲು ಯಾವ ದೇಶದ ಸಂವಿಧಾನದಲ್ಲೂ ಸಿಗಲಾರದು: ಯಾರ ಮೇಲೂ ಕೆಲಸ ಮಾಡಲೇಬೇಕೆಂಬ ಕಟ್ಟುಪಾಡಿಲ್ಲ. ಸಂಬಳವಿಲ್ಲದ ಕಡೆ ಆಜ್ಞೆಗೂ ಬೆಲೆಯಿಲ್ಲ ಎಂಬ ಸತ್ಯವನ್ನು ಇವರು ಕಾನೂನಾಗಿಯೇ ಬರೆದಿಟ್ಟುಕೊಂಡರು.

ಡೆಬಿಯನ್ನಿನ ಮತ ಎಣಿಕೆಯ ಬಗೆ ತುಸು ನಿಂತು ನೋಡುವಂಥದ್ದು. ಒಂಬತ್ತು ಜನರ ಮನೆಯಲ್ಲಿ ಇಂದು ಏನು ಅಡುಗೆ ಮಾಡಬೇಕೆಂಬ ಮತದಾನ ಎನ್ನೋಣ. ನಾಲ್ವರ ಮೊದಲ ಆಯ್ಕೆ ಪುಳಿಯೋಗರೆ, ಅದಿಲ್ಲದಿದ್ದರೆ ಚಿತ್ರಾನ್ನ, ಕೊನೆಗೆ ಬಿಸಿಬೇಳೆಬಾತು. ಮೂವರಿಗೆ ಬಿಸಿಬೇಳೆಬಾತು, ಆಮೇಲೆ ಚಿತ್ರಾನ್ನ, ಕೊನೆಗೆ ಪುಳಿಯೋಗರೆ. ಉಳಿದಿಬ್ಬರಿಗೆ ಚಿತ್ರಾನ್ನ, ಆಮೇಲೆ ಬಿಸಿಬೇಳೆಬಾತು, ಕೊನೆಗೆ ಪುಳಿಯೋಗರೆ. ಸಾಮಾನ್ಯ ಎಣಿಕೆಯಲ್ಲಿ ನಾಲ್ಕು ಮತ ಪಡೆದ ಪುಳಿಯೋಗರೆ ಗೆಲ್ಲುತ್ತದೆ, ಐದು ಜನರಿಗೆ ಅದೇ ಎಲ್ಲಕ್ಕಿಂತ ಬೇಡವಾದದ್ದಾಗಿದ್ದರೂ. ಡೆಬಿಯನ್ ಹಾಗೆ ಎಣಿಸುವುದಿಲ್ಲ. ಎರಡೆರಡನ್ನೇ ಕುಸ್ತಿಗೆ ಬಿಡುತ್ತದೆ. ಚಿತ್ರಾನ್ನ ಪುಳಿಯೋಗರೆಯನ್ನು ಐದು-ನಾಲ್ಕರಿಂದ, ಬಿಸಿಬೇಳೆಬಾತನ್ನು ಆರು-ಮೂರರಿಂದ ಸೋಲಿಸುತ್ತದೆ. ಇಬ್ಬರಿಗಷ್ಟೇ ಮೊದಲ ಆಯ್ಕೆಯಾಗಿದ್ದ ಚಿತ್ರಾನ್ನವೇ ಗೆಲ್ಲುತ್ತದೆ, ಏಕೆಂದರೆ ಉಳಿದೆರಡರಲ್ಲಿ ಯಾವುದರ ಎದುರು ನಿಲ್ಲಿಸಿದರೂ ಅದನ್ನು ಮೇಲಿಟ್ಟವರೇ ಹೆಚ್ಚು. ನಾಯಕರ ಚುನಾವಣೆಯ ಮತಪತ್ರದಲ್ಲಿ ‘ಇವರಾರೂ ಬೇಡ’ ಎಂಬ ಹೆಸರೂ ಒಬ್ಬ ಅಭ್ಯರ್ಥಿಯಂತೆ ಕಣದಲ್ಲಿರುತ್ತದೆ. ಎಲ್ಲರೂ ಹೊಗಳುವ ಆಯ್ಕೆ ಇದರಿಂದ ಸಿಗದೆ ಹೋಗಬಹುದು. ಯಾರೂ ಮನೆ ಬಿಟ್ಟು ಹೋಗದಂಥ ಆಯ್ಕೆ ಸಿಗುತ್ತದೆ.

ಹಾಗಿದ್ದೂ ಕೆಲವರು ಬಿಟ್ಟು ಹೋದದ್ದುಂಟು. ಕಂಪ್ಯೂಟರ್ ಚಾಲೂ ಆದಾಗ ಉಳಿದೆಲ್ಲ ಕೆಲಸಗಳನ್ನು ಎಬ್ಬಿಸುವ ತಂತ್ರಾಂಶ ಯಾವುದಿರಬೇಕು ಎಂಬ ಪ್ರಶ್ನೆ 2014ರಲ್ಲಿ ಡೆಬಿಯನ್ನಿನ ತಾಂತ್ರಿಕ ಸಮಿತಿಯ ಮುಂದೆ ಬಂತು. ಎಂಟು ಸದಸ್ಯರು ನಾಲ್ಕು-ನಾಲ್ಕಾಗಿ ಒಡೆದರು. ಅಧ್ಯಕ್ಷ ಬಿಡೇಲ್ ಗಾರ್ಬಿ ಅವರ ನಿರ್ಣಾಯಕ ಮತದಿಂದ ಸಿಸ್ಟಂಡಿ ಎಂಬುದು ಗೆದ್ದಿತು. ಒಪ್ಪದ ಕೆಲವರು ಅದೇ ವರ್ಷದ ಕೊನೆಗೆ ಡೆವುವನ್ ಎಂಬ ಬೇರೆ ಮನೆ ಹೂಡಿದರು.

ಅಪಾಚೆ: ಮೌನಂ ಸಮ್ಮತಿ ಲಕ್ಷಣಂ

ವೆಬ್ ಸರ್ವರಿನಿಂದ ಹೆಸರಾದ, 1999ರಲ್ಲಿ ಪ್ರತಿಷ್ಠಾನವಾಗಿ ನೋಂದಣಿಯಾದ ಅಪಾಚೆಯಲ್ಲಿ ಕೀಲಿಕೈ ಒಂದು ಗುಂಪಿನ ಕೈಯಲ್ಲಿ. ಒಪ್ಪಿದವರು ‘+1’ ಎನ್ನುತ್ತಾರೆ, ಒಪ್ಪದವರು ‘-1’. ದಿನನಿತ್ಯದ ಕೆಲಸಕ್ಕೆ ಯಾರ ಕೂಗೂ ಬೇಕಿಲ್ಲ. ಹೀಗೆ ಮಾಡುತ್ತೇನೆ ಎಂದು ತಿಳಿಸಿ ಮೂರು ದಿನ ಕಾದು ಯಾರೂ ತಕರಾರು ಎತ್ತದಿದ್ದರೆ ಒಪ್ಪಿದಂತೆಯೇ. ಆದರೆ ಕೋಡಿನ ತಿದ್ದುಪಡಿಗೆ ಒಬ್ಬರೇ ‘-1’ ಎಂದರೂ ಅದು ನಿಲ್ಲುತ್ತದೆ, ಅವರು ತಾಂತ್ರಿಕ ಕಾರಣ ಕೊಟ್ಟಿರಬೇಕು ಅಷ್ಟೆ. ಕಾರಣವಿಲ್ಲದ ತಡೆಗೆ ಬೆಲೆಯಿಲ್ಲ. ಸದಸ್ಯತ್ವ ವ್ಯಕ್ತಿಗಳಿಗೆ ಮಾತ್ರ, ಕಂಪನಿಗಳಿಗಿಲ್ಲ. ಕೆಲಸ ಬಿಟ್ಟು ಬೇರೆ ಕಂಪನಿಗೆ ಹೋದರೂ ಸ್ಥಾನ ಅವರ ಜತೆಗೇ ಹೋಗುತ್ತದೆ. ಗದ್ದಲವಿಲ್ಲದ, ನಿಧಾನದ ಪದ್ಧತಿ ಇದು.

ಪಾಲಾದರೂ ಪೂರ್ತಿ ಮನೆ

ಯಜಮಾನ, ಮಂಡಳಿ, ಸಂವಿಧಾನ, ಮೌನ ಸಮ್ಮತಿ. ಮೇಲ್ನೋಟಕ್ಕೆ ಒಂದಕ್ಕೊಂದು ಸಂಬಂಧವಿಲ್ಲ. ಒಳಗೆ ಇವೆಲ್ಲವನ್ನೂ ಹಿಡಿದಿಟ್ಟಿರುವ ಕೀಲು ಒಂದೇ: ಬಿಟ್ಟು ಹೋಗುವ ಹಕ್ಕು. ಡೆವುವನ್ ಪ್ರಸಂಗದಲ್ಲಿ ಅದು ಕಣ್ಣಿಗೆ ಬಿತ್ತು.

ಅಣ್ಣತಮ್ಮಂದಿರು ಪಾಲಾದರೆ ಹತ್ತು ಎಕರೆ ಐದೈದಾಗುತ್ತದೆ. ಮುಕ್ತ ತಂತ್ರಾಂಶದ ಮನೆ ಪಾಲಾದರೆ ಇಬ್ಬರಿಗೂ ಹತ್ತು ಹತ್ತು ಎಕರೆ ಸಿಗುತ್ತದೆ. ಇಡೀ ಕೋಡನ್ನು ನಕಲು ಮಾಡಿಕೊಂಡು ಬೇರೆ ಹೆಸರಿನಲ್ಲಿ ಮುಂದುವರಿಸಲು ಪರವಾನಗಿಯೇ ಅವಕಾಶ ಕೊಟ್ಟಿದೆ. ಇಂಗ್ಲಿಷಿನಲ್ಲಿ ಫೋರ್ಕ್ ಎನ್ನುವ ಇದನ್ನು ಕವಲು ಎನ್ನಬಹುದು. ಟೊರ್ವಾಲ್ಡ್ಸ್ 2005ರಲ್ಲಿ ಬರೆದ ಗಿಟ್ ಎಂಬ ಸಾಧನ ಇದನ್ನು ಇನ್ನೂ ಸುಲಭ ಮಾಡಿತು. ಗಿಟ್‌ನಲ್ಲಿ ಪ್ರತಿ ನಕಲೂ ಯೋಜನೆಯ ಪೂರ್ತಿ ಚರಿತ್ರೆಯನ್ನು ಹೊತ್ತಿರುತ್ತದೆ. ಯಂತ್ರದ ಲೆಕ್ಕದಲ್ಲಿ ಮೂಲ, ನಕಲು ಎಂಬ ಭೇದವೇ ಇಲ್ಲ. ಯಾವುದನ್ನು ಜನ ಮೂಲವೆಂದು ನಂಬಿದ್ದಾರೋ ಅದು ಮೂಲ.

ಹಾಗಾದರೆ ಪ್ರತಿ ಜಗಳಕ್ಕೂ ಒಂದು ಕವಲೇಕೆ ಒಡೆಯುವುದಿಲ್ಲ? ನೆಲ ಇಬ್ಬರಿಗೂ ಸಿಕ್ಕರೂ ಉಳುವವರು ಎರಡಾಗುವುದಿಲ್ಲ. ಕೋಡಿನ ನಕಲು ಒಂದು ನಿಮಿಷದ ಕೆಲಸ. ಹೆಸರು, ವೆಬ್ ವಿಳಾಸ, ಬಳಕೆದಾರರ ನಂಬಿಕೆ, ಎಲ್ಲಕ್ಕಿಂತ ಹೆಚ್ಚಾಗಿ ಅನುಭವಿ ಜನ ನಕಲಾಗುವುದಿಲ್ಲ. ಬೇರೆ ಹೋದವರು ಎಲ್ಲ ದೋಷಗಳನ್ನೂ ತಾವೇ ತಿದ್ದಿಕೊಳ್ಳಬೇಕು, ಹಳೆ ಮನೆಯಲ್ಲಿ ಆದ ಸುಧಾರಣೆಗಳನ್ನು ಹೊತ್ತು ತರುತ್ತಲೇ ಇರಬೇಕು. ಈ ಭಾರಕ್ಕಿಂತ ಮನೆಯೊಳಗಿನ ಕಿರಿಕಿರಿ ಕಡಿಮೆ ಇರುವಷ್ಟು ದಿನ ಜನ ಉಳಿಯುತ್ತಾರೆ. ಕೀಲಿಕೈ ಹಿಡಿದವರಿಗೂ ಈ ಲೆಕ್ಕ ಚೆನ್ನಾಗಿ ಗೊತ್ತು. ಆದ್ದರಿಂದಲೇ ‘ಸರ್ವಾಧಿಕಾರಿ’ ದಯಾಳು. ಟೊರ್ವಾಲ್ಡ್ಸ್ ಆಗಲಿ ಡೆಬಿಯನ್ನಿನ ನಾಯಕರಾಗಲಿ ಬಾಗಿಲು ತೆರೆದಿಟ್ಟ ಮನೆಯಲ್ಲೇ ಆಳಬೇಕು.

ಕಂಪನಿಯೊಂದು ಕೀಲಿಕೈ ಹಿಡಿದಾಗ ಈ ಲೆಕ್ಕ ಬೇಗ ತಪ್ಪುತ್ತದೆ, ಏಕೆಂದರೆ ಅದರ ಲಾಭ ಬೇರೆ ಕಡೆಯಿಂದ ಬರುತ್ತದೆ. ಸನ್ ಕಂಪನಿ 2000ದಲ್ಲಿ ಮುಕ್ತಗೊಳಿಸಿದ ಓಪನ್‌ಆಫೀಸ್ ಎಂಬ ಕಚೇರಿ ಕೆಲಸದ ತಂತ್ರಾಂಶ 2010ರ ಜನವರಿಯಲ್ಲಿ ಸನ್ ಜತೆಗೇ ಒರಾಕಲ್ ಕಂಪನಿಯ ಪಾಲಾಯಿತು. ಮುಂದೇನೋ ಎಂಬ ಅಳುಕಿನಲ್ಲಿದ್ದ, ಅದರ ಕೋಡು ಬರೆಯುವವರ ಗುಂಪೊಂದು ಅದೇ ಸೆಪ್ಟೆಂಬರ್ 28ರಂದು ತಮ್ಮದೇ ಪ್ರತಿಷ್ಠಾನ ಘೋಷಿಸಿತು. ಹಳೆಯ ಹೆಸರನ್ನು ಬಿಟ್ಟುಕೊಡಿ ಎಂದು ಒರಾಕಲನ್ನು ಕೇಳಿದರು, ಸಿಗಲಿಲ್ಲ. ತಾತ್ಕಾಲಿಕವೆಂದು ಇಟ್ಟುಕೊಂಡ ಲಿಬ್ರೆಆಫೀಸ್ ಎಂಬ ಹೆಸರೇ ಖಾಯಂ ಆಯಿತು. ಹೆಸರು ಕಂಪನಿಯ ಬಳಿ ಉಳಿಯಿತು, ಜನ ಕವಲಿನ ಜತೆ ನಡೆದರು. 2011ರಲ್ಲಿ ಒರಾಕಲ್ ಓಪನ್‌ಆಫೀಸನ್ನು ಅಪಾಚೆಗೆ ಒಪ್ಪಿಸಿ ಕೈತೊಳೆದುಕೊಂಡಿತು. ಇಂದು ಹೆಚ್ಚಿನ ಲಿನಕ್ಸ್ ಕಂಪ್ಯೂಟರುಗಳಲ್ಲಿ ಇರುವುದು ಕನ್ನಡದ ಮೆನುಗಳೊಂದಿಗೂ ಸಿಗುವ ಲಿಬ್ರೆಆಫೀಸ್.

ಕವಲು ಮತ್ತೆ ಕೂಡಿದ್ದೂ ಇದೆ. ಜಾಯೆಂಟ್ ಕಂಪನಿಯ ಹಿಡಿತದಲ್ಲಿದ್ದ ನೋಡ್.ಜೆಎಸ್ ಎಂಬ ತಂತ್ರಾಂಶದಿಂದ 2014ರ ಡಿಸೆಂಬರಿನಲ್ಲಿ ಅಯೋ.ಜೆಎಸ್ ಬೇರೆಯಾಯಿತು. ಮರುವರ್ಷವೇ ಎರಡೂ ಒಂದು ಸ್ವತಂತ್ರ ಪ್ರತಿಷ್ಠಾನದಡಿ ಒಂದಾದವು, ಬೇರೆ ಹೋದವರು ರೂಢಿಸಿಕೊಂಡಿದ್ದ ತೆರೆದ ಆಡಳಿತದ ಪದ್ಧತಿಯೊಂದಿಗೆ. 2023ರ ಆಗಸ್ಟಿನಲ್ಲಿ ಹ್ಯಾಶಿಕಾರ್ಪ್ ಕಂಪನಿ ತನ್ನ ಟೆರಾಫಾರ್ಮ್ ತಂತ್ರಾಂಶದ ಪರವಾನಗಿ ಬಿಗಿಗೊಳಿಸಿದಾಗ ಕವಲೊಡೆಯಲು ಹಿಡಿದದ್ದು ಕೆಲವೇ ವಾರ, ಓಪನ್‌ಟೋಫು ಹುಟ್ಟಿತು. ಹೊಸ ಪರವಾನಗಿ ಮುಂದಿನ ಆವೃತ್ತಿಗಳಿಗಷ್ಟೇ ತಾಗುತ್ತದೆ. ಹಿಂದೆ ಹಂಚಿದ್ದನ್ನು ವಾಪಸು ಪಡೆಯುವ ದಾರಿಯಿಲ್ಲ.

ಕವಲೊಡೆಯಲು ಜನವೇ ಇಲ್ಲದಾಗ

ಬಿಟ್ಟು ಹೋಗುವ ಈ ಹಕ್ಕು ದರ್ಪವನ್ನು ತಡೆಯುತ್ತದೆ. ಅಲಕ್ಷ್ಯವನ್ನು ತಡೆಯುವ ಶಕ್ತಿ ಅದಕ್ಕಿಲ್ಲ. ಎಷ್ಟೋ ಅಗತ್ಯದ ತಂತ್ರಾಂಶಗಳಲ್ಲಿ ಯಜಮಾನ, ಮಂಡಳಿ, ಆಳುಕಾಳು ಎಲ್ಲ ಸೇರಿ ಇರುವುದು ಒಬ್ಬರೇ, ಅದೂ ಸಂಬಳವಿಲ್ಲದೆ. ಆಡಳಿತ ಮಾದರಿಗಳ ಕುರಿತ ವಾದಗಳಲ್ಲಿ ಇವು ಲೆಕ್ಕಕ್ಕೇ ಬರುವುದಿಲ್ಲ, ಬರಬೇಕಿತ್ತು.

ಕಡತಗಳನ್ನು ಕುಗ್ಗಿಸುವ ಎಕ್ಸ್‌ಜಡ್ ಅಂಥದ್ದೊಂದು. ಬಹುಪಾಲು ಲಿನಕ್ಸ್ ವ್ಯವಸ್ಥೆಗಳಲ್ಲಿ ಅದಿದೆ. ಅದನ್ನು ವರ್ಷಗಳಿಂದ ಒಬ್ಬರೇ ಬಿಡುವಿನಲ್ಲಿ ನೋಡಿಕೊಳ್ಳುತ್ತಿದ್ದರು. ‘ಜಿಯಾ ಟಾನ್’ ಎಂಬ ಹೆಸರಿನ ಯಾರೋ ಉಪಯುಕ್ತ ತೇಪೆಗಳನ್ನು ಕಳಿಸತೊಡಗಿದರು. 2022ರಲ್ಲಿ ಬೇರೆ ಕೆಲವು ಹೆಸರುಗಳಿಂದ, ಕೆಲಸ ನಿಧಾನವಾಗುತ್ತಿದೆ, ಇನ್ನೊಬ್ಬರಿಗೂ ಕೀಲಿಕೈ ಕೊಡಿ ಎಂಬ ಒತ್ತಡದ ಪತ್ರಗಳು ಬಂದವು. ದಣಿದಿದ್ದ ಉಸ್ತುವಾರಿ ಆ ಸಹಾಯಕರನ್ನು ನಂಬಿ ಕೀಲಿಕೈ ಹಂಚಿಕೊಂಡರು. 2024ರ ಫೆಬ್ರವರಿಯಲ್ಲಿ ಬಂದ 5.6.0 ಆವೃತ್ತಿಯಲ್ಲಿ ದೂರದಿಂದಲೇ ಕಂಪ್ಯೂಟರಿನೊಳಗೆ ನುಗ್ಗಲು ಒಂದು ಕಳ್ಳಬಾಗಿಲು ಅಡಗಿತ್ತು. ಇಲ್ಲಿ ಬೀಗ ಒಡೆಯಲಿಲ್ಲ. ನಂಬಿಕೆ ಗಳಿಸುವ ಮಾಮೂಲು ದಾರಿಯಲ್ಲೇ ಕಳ್ಳ ಉಗ್ರಾಣದೊಳಕ್ಕೆ ನಡೆದು ಬಂದಿದ್ದ.

ಮೈಕ್ರೋಸಾಫ್ಟಿನ ಇಂಜಿನಿಯರ್ ಆಂಡ್ರೆಸ್ ಫ್ರಾಯ್ಂಡ್, ತಮ್ಮ ಪರೀಕ್ಷೆಯ ಯಂತ್ರಕ್ಕೆ ಲಾಗಿನ್ ಆಗಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿರುವುದೇಕೆ ಎಂದು ಬೆನ್ನುಹತ್ತಿ 2024ರ ಮಾರ್ಚ್ 29ರಂದು ಅದನ್ನು ಬಯಲು ಮಾಡಿದರು. ಡೆಬಿಯನ್ ಮತ್ತು ಅದರಂಥದೇ ಆದ ಫೆಡೋರಾಗಳ ಪರೀಕ್ಷಾ ಆವೃತ್ತಿಗಳನ್ನು ಅದು ಆಗಲೇ ಮುಟ್ಟಿತ್ತು, ಜನಬಳಕೆಯ ಸ್ಥಿರ ಆವೃತ್ತಿಗಳನ್ನು ಮುಟ್ಟಿರಲಿಲ್ಲ. ಕೋಡು ಎಲ್ಲರಿಗೂ ತೆರೆದಿದ್ದರಿಂದಲೇ ಹೊರಗಿನ ಒಬ್ಬರು ಅಷ್ಟು ಆಳಕ್ಕೆ ಇಣುಕಲು ಸಾಧ್ಯವಾಯಿತು. ಕಳ್ಳಬಾಗಿಲು ಕಿತ್ತುಹಾಕಿದ 5.6.2 ಆವೃತ್ತಿ ಮೇ ಕೊನೆಗೆ ಹೊರಬಂತು. ಉಗ್ರಾಣದ ಕೀಲಿಕೈ ಆ ಹೊತ್ತಿಗೆ ಮೊದಲಿನ ಉಸ್ತುವಾರಿಯ ಕೈಗೆ ಮರಳಿತ್ತು.